ದೊಡ್ಡಳಿಯನ ಎಡಗಾಲು

“ಹೇಳಿಟ್ಟೀನಿ ನೋಡು ಉಮಾ. ಈ ಎಳ್ಳಮಾಸಿಗಿ ಭಜ್ಜಿ ಗಡಿಗಿ ಹೊಲಕ್ಕ ಹೋಗೋದು ನನ್ನ ಗಾಡ್ಯಾಗೇ. ಗಾಡಿ ಹೊಡಿಯವ ನಾನೇ. ಅತ್ತಿಯವರು ಕುಂದ್ರೋದು ನನ್ನ ಬಾಜೂಕೇ. ಇದು ದೇವಿಂದ್ರಪ್ಪನ ಶಪಥ!”

ಬಾಯಲ್ಲಿ ಬ್ರಶ್ಶು, ಕೈಯಲ್ಲಿ ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು ದೇವಿಂದ್ರಪ್ಪ ಈ ಭೀಷಣ ಪ್ರತಿಜ್ಞೆ ಮಾಡಿದಾಗ ಪೇಸ್ಟಿನ ನೊರೆ ಗಲ್ಲದಿಂದ ಬನಿಯನ್ನಿಗೆ ಇಳಿಯುತ್ತಿತ್ತು. ಹೆಂಡತಿ ಉಮಾದೇವಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ.

“ಮೊದಲ ಬಾಯಿ ತೊಳ್ಕೊರಿ. ಶಪಥ ಆಮ್ಯಾಲ ಮಾಡೀರಂತ,” ಎಂದಳು.

ದೇವಿಂದ್ರಪ್ಪನದು ಶಹಾಬಾದಿ ಕಲ್ಲಿನ ವ್ಯಾಪಾರ. ಚಿತ್ತಾಪುರದಿಂದ ವಾಡಿ, ವಾಡಿಯಿಂದ ಶಹಾಬಾದ್ ಎಂದು ದಿನವಿಡೀ ಕಲ್ಲಿನ ಲಾರಿಗಳ ನಡುವೆ ದಾರಿ ಮಾಡಿಕೊಂಡು ಓಡಾಡುವ ಮನುಷ್ಯ. ಅವನ ಕಾರು ಹಳೆಯದು, ಅದರ ಗೇರು-ಕ್ಲಚ್ಚುಗಳ ಮೇಲಿನ ಅಭಿಮಾನ ಮಾತ್ರ ಹೊಚ್ಚ ಹೊಸದು. ಏರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಗಾಡಿಯನ್ನು ಹಿಂದಕ್ಕೂ ಬಿಡದೆ ಮುಂದಕ್ಕೂ ಬಿಡದೆ ನಿಲ್ಲಿಸುವ ವಿದ್ಯೆ ಇಡೀ ತಾಲ್ಲೂಕಿನಲ್ಲಿ ತನಗೊಬ್ಬನಿಗೇ ಒಲಿದಿದೆ ಎಂದು ಅವನು ನಂಬಿದ್ದ. ಆ ವಿದ್ಯೆಯೆಲ್ಲ ನೆಲೆಸಿದ್ದು ಅವನ ಎಡಗಾಲಿನಲ್ಲಿ. ಮನೆಗೆ ಬೀಗರು ಬಂದರೆ ಚಹಾದ ಹಿಂದೆಯೇ ಎಡಗಾಲಿನ ಮಹಿಮೆಯೂ ಬರುತ್ತಿತ್ತು.

ಆ ಕಾಲಿನ ಕೀರ್ತಿ ಶಿಖರವೇರುತ್ತಿದ್ದದ್ದು ಎಳ್ಳು ಅಮಾವಾಸ್ಯೆಯ ದಿನ. ಈ ಕಡೆ ಅಂದು ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಹಿಂದಿನ ದಿನವೇ ಹಸಿ ತೊಗರಿ, ಅವರೆ, ಕಡಲೆ, ಸಿಕ್ಕ ಸೊಪ್ಪು, ಸಿಕ್ಕ ಕಾಯಿಪಲ್ಲೆ ಎಲ್ಲ ಕೂಡಿಸಿ ಹುಣಸೆ ಹುಳಿ, ಕಡಲೆ ಹಿಟ್ಟು ಹಾಕಿ ಭಜ್ಜಿ ಕುದಿಸುತ್ತಾರೆ. ಅದನ್ನು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹೊಲಕ್ಕೆ ಒಯ್ಯಬೇಕು. ಮೊದಲ ತುತ್ತು ಭೂಮಿಗೆ. ಅದನ್ನು ಪೈರಿನ ಮೇಲೆ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಚರಗ ಚೆಲ್ಲುವವರೆಗೂ ಯಾರೂ ಅದರ ರುಚಿ ನೋಡುವಂತಿಲ್ಲ, ದಾರಿಯಲ್ಲಿ ಒಂದು ಹನಿ ತುಳುಕುವಂತಿಲ್ಲ.

ಅತ್ತೆ ದಾನಮ್ಮನವರಿಗೆ ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು. ಹೊಲ ದಂಡೋತಿಯಲ್ಲಿ, ಕಾಗಿಣಾ ನದಿಯ ಆಚೆ. ಅವರ ವಾಸ ಚಿತ್ತಾಪುರದಲ್ಲಿ, ದೊಡ್ಡ ಮಗಳ ಮನೆಯ ಹಿಂದಿನ ಓಣಿಯಲ್ಲಿ. ಹಾಗಾಗಿ ಪ್ರತಿ ವರ್ಷ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರು ದೊಡ್ಡಳಿಯನ ಪಕ್ಕದ ಸೀಟಿನಲ್ಲಿ ಕೂರುವುದು, ಅವನು ಹನಿ ತುಳುಕದಂತೆ ಹೊಲ ಮುಟ್ಟಿಸುವುದು ನಡೆದುಬಂದ ಪದ್ಧತಿ. ಹೊಲದಲ್ಲಿ ಇಳಿದ ಮೇಲೆ ದಾನಮ್ಮ ಬಟ್ಟೆ ಮುಟ್ಟಿ ನೋಡಿ, “ಒಣಗೇ ಅದ,” ಎನ್ನುತ್ತಿದ್ದರು. ಆ ಎರಡು ಮಾತಿಗೆ ದೇವಿಂದ್ರಪ್ಪ ಒಂದು ವರ್ಷ ಬದುಕುತ್ತಿದ್ದ.

ಈ ಸಾಮ್ರಾಜ್ಯಕ್ಕೆ ದಾಳಿಯಿಟ್ಟವನು ಸೇಡಂನ ಶರಣಕುಮಾರ. ಉಮಾದೇವಿಯ ತಂಗಿ ಭಾಗ್ಯಶ್ರೀಯ ಗಂಡ, ಅಂದರೆ ದೇವಿಂದ್ರಪ್ಪನ ಷಡ್ಡಕ. ಸಿಮೆಂಟ್ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ, ಮೆತ್ತನೆಯ ಮಾತು, ಎಂದೂ ಸಿಟ್ಟಿಗೇಳದ ಮುಖ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಆದರೆ ದೇವಿಂದ್ರಪ್ಪ ಕಷ್ಟಕ್ಕೆ ಹೆದರುವವನಲ್ಲ. ದೀಪಾವಳಿಗೆ ಶರಣಕುಮಾರ ಆಟೋಮ್ಯಾಟಿಕ್ ಕಾರು ಕೊಂಡ. ಗೇರು ಹಾಕುವ ಗೊಡವೆಯಿಲ್ಲ, ಕ್ಲಚ್ಚೇ ಇಲ್ಲ. ಅತ್ತೆ ಅದರಲ್ಲಿ ಸೇಡಂಗೆ ಹೋಗಿ ಎಂಟು ದಿನ ಇದ್ದು ಬಂದರು. ಬಂದವರು ಕಾಲು ತೊಳೆದುಕೊಂಡು ಕೂತು ಹೇಳಿದ ಮೊದಲ ಮಾತು ದೇವಿಂದ್ರಪ್ಪನ ಎದೆಗೆ ನಾಟಿತು.

“ಭಾಳ ಛಂದ ಗಾಡಿ. ಹತ್ತಿ ಕುಂತಿದ್ದೊಂದೇ ಗೊತ್ತು. ನಿದ್ದಿನೇ ಹತ್ತಿಬಿಡ್ತು ನೋಡ್ರಿ.”

ಅತ್ತೆ ಹೊರಟ ಮೇಲೆ ದೇವಿಂದ್ರಪ್ಪ ಹೆಂಡತಿಯನ್ನು ಹಿಡಿದು ಕೂತ. “ಇಷ್ಟು ವರ್ಷ ನನ್ನ ಗಾಡ್ಯಾಗ ಅಡ್ಡಾಡ್ಯಾರ, ಒಂದು ದಿನಾನೂ ನಿದ್ದಿ ಮಾಡಿಲ್ಲ. ಯಾಕ? ನನ್ನ ಡ್ರೈವಿಂಗ್ ಕಣ್ಣು ತುಂಬ ನೋಡಬೇಕು ಅಂತ ಎಚ್ಚರ ಇರ್ತಿದ್ರು. ಹೌದಲ್ಲ?”

“ಎಚ್ಚರ ಇರ್ತಿದ್ಲು, ಖರೆ,” ಎಂದಳು ಉಮಾದೇವಿ. “ಕೊಳ್ಳಾಗಿನ ಲಿಂಗ ಮುಠಿಯಾಗ ಹಿಡ್ಕೊಂಡು, ಊರು ಮುಟ್ಟೋತನಕ ಶಿವಾ ಶಿವಾ ಅಂತಿದ್ಲು. ನೀವು ಗೇರ್ ಹಾಕಿದಾಗೆಲ್ಲ ಅಕಿ ಕುತ್ತಿಗಿ ಮುಂದ ಹೋಗಿ ಹಿಂದ ಬರ್ತದ.”

“ಅದು ಭಕ್ತಿ.”

“ಹೂಂ. ಅಂಜಿಕಿಯಿಂದ ಹುಟ್ಟಿದ ಭಕ್ತಿ.”

ಅಂದಿನಿಂದ ದೇವಿಂದ್ರಪ್ಪನಿಗೆ ಅನ್ನ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸೇರಿತು. ಆದರೆ ಉಣ್ಣುತ್ತ ಉಣ್ಣುತ್ತಲೇ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಆ ಕಾರಿನ ಐಬು ಹುಡುಕಲು ಅವನು ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ಶಾಹನವಾಜನ ಹತ್ತಿರ ಹೋಗಿ ಸ್ಟೂಲ್ ಎಳೆದುಕೊಂಡು ಕೂತ.

“ಆಟೋಮ್ಯಾಟಿಕ್ ಹೆಂಗ್ರಿ ಉಸ್ತಾದ್?”

“ಚಲೋ ಅದ ಸಾವ್ಕಾರ್ರ. ದಿನಾ ಊರಾಗ ಅಡ್ಡಾಡ್ಲಿಕ್ಕ ಕಾಲಿಗಿ ಆರಾಮ. ಗೇರಿನ ಗಾಡೀನೂ ಚಲೋನೇ. ಲೋಡಿಗಿ, ಖರಾಬ್ ರೋಡಿಗಿ ಅದು ಬೇಕು. ಯಾರಿಗಿ ಹೆಂಗ ಹೊಂದ್ತದ ಹಂಗ.”

“ಖರಾಬ್ ಏನದ ಅದರಾಗ, ಅದನ್ನ ಹೇಳ್ರಿ.”

ಶಾಹನವಾಜ ಸ್ವಲ್ಪ ಯೋಚಿಸಿದ. “ಕೆಟ್ಟರ ರಿಪೇರಿಗಿ ಕಲಬುರಗಿಗಿ ಒಯ್ಯಬೇಕಾಗ್ತದ.”

ದೇವಿಂದ್ರಪ್ಪ ಈ ಒಂದು ವಾಕ್ಯವನ್ನು ಜೇಬಿನಲ್ಲಿ ಹಾಕಿಕೊಂಡು ಬಂದು ಕಂಡಕಂಡವರಿಗೆಲ್ಲ ಹಂಚಿದ. ಅದಕ್ಕೆ ತನ್ನದೂ ಸೇರಿಸಿ, “ಗೇರ್ ಇಲ್ಲದ್ದು ಗಾಡಿ ಅಲ್ಲ, ತೊಟ್ಟಿಲು. ತೊಟ್ಟಿಲದಾಗ ಯಾರಿಗರ ನಿದ್ದಿ ಹತ್ತತದ. ಅದರಾಗ ಹೊಡಿಯವನ ಹೆಚ್ಚುಗಾರಿಕಿ ಏನದ?” ಎನ್ನುತ್ತಿದ್ದ. ಉಮಾದೇವಿ ಇದನ್ನು ಕೇಳಿಯೂ ಕೇಳದಂತೆ ಇರುತ್ತಿದ್ದಳು. ಅವಳಿಗೂ ಕ್ಲಚ್ಚಿಗೂ ಹಳೆಯ ವೈರ. ಹಿಂದೊಮ್ಮೆ ಅವಳಿಗೆ ಡ್ರೈವಿಂಗ್ ಕಲಿಸುತ್ತೇನೆಂದು ಅವನು ಕರೆದುಕೊಂಡು ಹೋಗಿದ್ದ. “ಕ್ಲಚ್ ಬಿಡು! ಏ ಹಿಡಿ! ಬಿಡು ಅಂದ್ರ ಹಿಂಗ ಬಿಡ್ತಾರೇನು!” ಎಂದು ಅವನು ಕೂಗಿದ ಕೂಗಿಗೆ ರಸ್ತೆಯ ಬದಿಯ ಎಮ್ಮೆಗಳು ಸಹ ದಾರಿ ಬಿಟ್ಟಿದ್ದವು. ಅವಳು ಗಾಡಿ ಅಲ್ಲೇ ನಿಲ್ಲಿಸಿ, ಇಳಿದು, ಸೆರಗು ಕೊಡವಿಕೊಂಡು ನಡೆದೇ ಮನೆಗೆ ಬಂದಿದ್ದಳು.

ಈಚೆಗೆ ಅವಳು ಸೇಡಂಗೆ ತಂಗಿಯ ಮನೆಗೆ ಹೋಗುವುದು ಜಾಸ್ತಿಯಾಗಿತ್ತು. “ಭಾಗ್ಯಾನ ಹತ್ರ ಒಂದು ಕೆಲಸ ಕಲಿಲಿಕತ್ತೀನಿ,” ಎಂದು ಹೇಳಿ ಬಸ್ಸು ಹತ್ತುತ್ತಿದ್ದಳು, ಸಂಜೆ ನಗುನಗುತ್ತ ಬರುತ್ತಿದ್ದಳು. ಕಸೂತಿಯೋ ಕುಚ್ಚು ಕಟ್ಟುವುದೋ ಇರಬೇಕೆಂದು ದೇವಿಂದ್ರಪ್ಪ ಕೇಳುವ ಗೋಜಿಗೆ ಹೋಗಲಿಲ್ಲ. ಷಡ್ಡಕನ ಮೇಲೆ ಹೊಟ್ಟೆ ಉರಿಸಿಕೊಳ್ಳುವ ಕೆಲಸವೇ ಅವನಿಗೆ ಕೈತುಂಬ ಇತ್ತು.

ಅಮಾವಾಸ್ಯೆಯ ಬೆಳಗಾಯಿತು. ದೇವಿಂದ್ರಪ್ಪ ತನ್ನ ಕಾರನ್ನು ತೊಳೆದು, ಒರೆಸಿ, ಮುಂದೆ ಚೆಂಡು ಹೂವಿನ ಮಾಲೆ ಕಟ್ಟಿ, ಪಕ್ಕದ ಸೀಟಿಗೆ ಹೊಸ ಟವೆಲ್ ಹಾಸಿ ಮದುವೆ ಗಾಡಿಯಂತೆ ಸಿದ್ಧ ಮಾಡಿ ಅತ್ತೆಯ ಮನೆಯ ಮುಂದೆ ನಿಲ್ಲಿಸಿದ. ಅಷ್ಟರಲ್ಲಿ ಶರಣಕುಮಾರನ ಬಿಳಿ ಕಾರು ಸದ್ದಿಲ್ಲದೆ ಬಂದು ಹಿಂದೆ ನಿಂತಿತು. ಸದ್ದೂ ಮಾಡದೆ ಬರುವ ಅದರ ಈ ಚಾಳಿಯೇ ದೇವಿಂದ್ರಪ್ಪನಿಗೆ ಸೇರುತ್ತಿರಲಿಲ್ಲ.

ದಾನಮ್ಮ ಮಡಿಸೀರೆಯುಟ್ಟು, ವಿಭೂತಿ ಹಚ್ಚಿ, ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಮನೆಯಿಂದ ಹೊರಬಂದರು. ಹೂಮಾಲೆಯ ಗಾಡಿಯನ್ನು ನೋಡಿದರು. “ಛಂದ ಕಟ್ಟೀರಿ,” ಎಂದರು. ಹೇಳಿ, ಅದನ್ನು ದಾಟಿಕೊಂಡು ಹೋಗಿ ಬಿಳಿ ಕಾರಿನ ಮುಂದಿನ ಬಾಗಿಲ ಬಳಿ ನಿಂತರು.

“ಅತ್ತಿಯವರ, ಇಲ್ಲಿ, ಇಲ್ಲಿ,” ಎಂದು ದೇವಿಂದ್ರಪ್ಪ ಓಡಿದ.

“ಐದು ಮಂದಿ ಇದೇವಿ, ಒಂದೇ ಗಾಡ್ಯಾಗ ಹೋಗಮ್ರಿ. ವಯಸ್ಸಾಗ್ಯಾದ ಅಳಿಯನೋರ, ಕುತ್ತಿಗಿ ತಡಿಯಂಗಿಲ್ಲ,” ಎಂದರು ದಾನಮ್ಮ, ಬಹಳ ಮರ್ಯಾದೆಯಿಂದ.

ಆ ಕ್ಷಣ ದೇವಿಂದ್ರಪ್ಪನಿಗೆ ಹೂಮಾಲೆ ಹಾಕಿಸಿಕೊಂಡ ತನ್ನ ಕಾರಿನ ಮುಖ ನೋಡಲಾಗಲಿಲ್ಲ. ಹೊಟ್ಟೆಯ ಉರಿ ಕಿವಿಯವರೆಗೆ ಏರಿತು. ಆದರೆ ಶಪಥ ಮಾಡಿದವನು ಹಾಗೆ ಸೋಲುತ್ತಾನೆಯೇ? ಮಿಂಚಿನಂತೆ ಒಂದು ಉಪಾಯ ಹೊಳೆಯಿತು.

“ಗಾಡಿ ಯಾವುದಾದ್ರೂ ಇರ್ಲಿ. ಹೊಡಿಯವ ಮಾತ್ರ ದೊಡ್ಡಳಿಯ. ಅದು ಪದ್ಧತಿ. ಶರಣು, ಚಾವಿ ಕೊಡಪ್ಪ.”

ಶರಣಕುಮಾರ ಒಂದು ಗಳಿಗೆ ಹೆಂಡತಿಯ ಮುಖ ನೋಡಿ, ಚಾವಿ ಕೊಟ್ಟ. “ತಗೊರಿ ಅಣ್ಣಾರ. ಒಂದೇ ಮಾತು. ಬ್ರೇಕೂ ಎಕ್ಸಲೇಟರೂ ಎರಡೂ ಬಲಗಾಲಿಲೇ ತುಳಿಬೇಕು. ಎಡಗಾಲಿಗಿ ಏನೂ ಕೆಲಸ ಇಲ್ಲ. ಅದನ್ನ ಹಿಂದ ಮಡಚಿ ಇಟ್ಟುಬಿಡ್ರಿ.”

“ಬೇಕಾದ್ರ ನನ್ನ ಓಢಣಿ ತಗೊರಿ ಮಾಮಾ, ಸೀಟಿಗಿ ಕಟ್ಟಿಬಿಡಮು,” ಎಂದಳು ಭಾಗ್ಯಶ್ರೀ.

“ನನಗ ಹೇಳಿಕೊಡ್ಲಿಕ್ಕ ಬರಬ್ಯಾಡ್ರಿ. ವಾಡಿ ರೋಡಿನ್ಯಾಗ ಪಳಗಿದ ಕಾಲು ಇದು,” ಎಂದು ದೇವಿಂದ್ರಪ್ಪ ಗತ್ತಿನಿಂದ ಕೂತ. ದಾನಮ್ಮ ಪಕ್ಕದಲ್ಲಿ ಕೂತು ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಶರಣಕುಮಾರ ಬಗ್ಗಿ ಅವರಿಗೆ ಬೆಲ್ಟು ಹಾಕಿದ. ಗಡಿಗೆಗೆ ಬೆಲ್ಟು ಇರಲಿಲ್ಲ. ಉಳಿದ ಮೂವರು ಹಿಂದೆ ಕೂತರು, ಶರಣಕುಮಾರನ ಮಡಿಲಲ್ಲಿ ಅಂಬಲಿಯ ಡಬ್ಬಿ.

ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಗಾಡಿ ತಾನೇ ಹೊರಟಿತು. ಕೇಳುವುದಕ್ಕೆ ಮುಂಚೆಯೇ ನೀಡುವ ಸೊಸೆಯಂತಿತ್ತು ಅದು. ದೇವಿಂದ್ರಪ್ಪನ ಎಡಗೈ ಎರಡು ಬಾರಿ ಗೇರಿನ ಕಡೆಗೆ ಹೋಗಿ, ಅಲ್ಲಿ ಮಾಡಲು ಏನೂ ಇಲ್ಲದೆ ನಾಚಿಕೊಂಡು ವಾಪಸಾಯಿತು. ಊರು ದಾಟಿತು, ದಂಡೋತಿಯ ರಸ್ತೆ ಹಿಡಿಯಿತು. ಎರಡೂ ಕಡೆ ಬಿಳಿಜೋಳ ತೆನೆ ತೂಗುತ್ತಿತ್ತು, ದಾರಿಯ ತುಂಬ ಹೊಲಕ್ಕೆ ಹೊರಟ ಟ್ರ್ಯಾಕ್ಟರುಗಳು, ಬಂಡಿಗಳು, ಹೊಸ ಸೀರೆಗಳು. ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಸೊಂಟಕ್ಕೆ ನೋವಿಲ್ಲ, ಮೊಣಕಾಲಿಗೆ ದಣಿವಿಲ್ಲ.

ಇಲ್ಲಿ ದೇವಿಂದ್ರಪ್ಪನ ಮನಸ್ಸಿನಲ್ಲಿ ಒಂದು ಅನಾಹುತ ನಡೆಯಿತು. ಅವನಿಗೆ ಆ ಗಾಡಿ ಹಿಡಿಸಿಬಿಟ್ಟಿತು. ಹಿಡಿಸಿದ್ದಕ್ಕೆ ಸಿಟ್ಟು ಬಂತು. ಇಷ್ಟು ಸುಖವನ್ನು ಆ ಮೆತ್ತನೆಯ ಮಾತಿನವನು ದಿನವೂ ಒಬ್ಬನೇ ಅನುಭವಿಸುತ್ತಿದ್ದಾನಲ್ಲ ಎಂದು ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದರೆ, ಅತ್ತೆಯ ಕಣ್ಣು ಮುಚ್ಚಿದ್ದವು!

ದೊಡ್ಡಳಿಯನ ಡ್ರೈವಿಂಗಿನಲ್ಲಿ ಅತ್ತೆಗೆ ನಿದ್ದೆ. ದೇವಿಂದ್ರಪ್ಪ ಕನ್ನಡಿಯಲ್ಲಿ ಹಿಂದಿನವರಿಗೆ ಕಣ್ಣಿನಲ್ಲೇ ತೋರಿಸಿದ, “ನೋಡ್ರಿ, ನೋಡ್ರಿ” ಎಂಬಂತೆ. ಎದೆ ಉಬ್ಬಿತು. ಕಾಗಿಣಾ ಸೇತುವೆ ದಾಟುವಾಗ ಅವನು ಒಂದು ಕೈಯಲ್ಲಿ ಮೀಸೆಯನ್ನೂ ತಿರುವಿದ. ಶರಣಕುಮಾರ ಮಾತ್ರ ಹಿಂದಿನಿಂದ ಮೆತ್ತಗೆ, “ಎಡಗಾಲು, ಅಣ್ಣಾರ,” ಎಂದು ಒಂದೆರಡು ಸಲ ನೆನಪಿಸಿದ.

ಸೇತುವೆ ದಾಟಿ ಹೊಲದ ದಾರಿಗೆ ತಿರುಗಬೇಕು. ತಿರುವಿನಲ್ಲಿ ಮುಂದೆ ಒಂದು ಎತ್ತಿನ ಬಂಡಿ, ಅದರ ತುಂಬ ಹಾಡುವ ಹೆಂಗಸರು. ಬಂಡಿ ನಿಂತಿತು. ಅವಸರವೇನೂ ಇರಲಿಲ್ಲ, ಬೇಕಾದಷ್ಟು ಜಾಗವಿತ್ತು. ದೇವಿಂದ್ರಪ್ಪ ಬಲಗಾಲಿನಿಂದ ಬ್ರೇಕು ಒತ್ತಿದ. ಆಗ, ಅಷ್ಟು ಹೊತ್ತು ಕೆಲಸವಿಲ್ಲದೆ ಕಾದು ಕುಳಿತಿದ್ದ ಆ ಕೀರ್ತಿಶಾಲಿ ಎಡಗಾಲು, ಯಜಮಾನನ ಅಪ್ಪಣೆ ಕೇಳದೆ ಎದ್ದು ಬಂದು, ಇಲ್ಲದ ಕ್ಲಚ್ಚನ್ನು ಪೂರಾ ತಳ ಮುಟ್ಟುವಂತೆ ತುಳಿಯಿತು. ಅಲ್ಲಿ ಇದ್ದದ್ದು ಬ್ರೇಕಿನದೇ ಅಗಲ ಪೆಡಲು.

ಗಾಡಿ ಗೋಡೆಗೆ ಬಡಿದಂತೆ ನಿಂತಿತು. ದಾನಮ್ಮನವರನ್ನು ಬೆಲ್ಟು ಹಿಡಿಯಿತು. ಗಡಿಗೆಯನ್ನು ಯಾರೂ ಹಿಡಿಯಲಿಲ್ಲ. ಅದು ಎದ್ದು, ಮುಂದಿನ ಹಲಗೆಗೆ ಬಡಿದು ಎರಡು ಹೋಳಾಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಗಾಜಿಗೆ, ಸ್ಟೇರಿಂಗಿಗೆ, ದೇವಿಂದ್ರಪ್ಪನ ಇಸ್ತ್ರಿ ಅಂಗಿಗೆ, ಮೀಸೆಗೆ ಸಮನಾಗಿ ಹಂಚಿತು. ಹಿಂದೆ ಅಂಬಲಿಯ ಡಬ್ಬಿ ಮುಚ್ಚಳ ಹಾರಿ ಶರಣಕುಮಾರನಿಗೆ ನೆತ್ತಿಯಿಂದ ಸ್ನಾನವಾಯಿತು. ಹಾಡುತ್ತಿದ್ದ ಬಂಡಿ ಹಾಡು ನಿಲ್ಲಿಸಿ ಹಿಂದಿರುಗಿ ನೋಡಿತು.

ಮುಂದಿನ ಗಾಜಿನಿಂದ ಭಜ್ಜಿ ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಅಷ್ಟರಲ್ಲಿ ದೇವಿಂದ್ರಪ್ಪನ ನಾಲಿಗೆ, ಅದೂ ಅಪ್ಪಣೆಯಿಲ್ಲದೆ, ಮೀಸೆಯಿಂದ ಇಳಿಯುತ್ತಿದ್ದ ಹನಿಯೊಂದನ್ನು ನೆಕ್ಕಿತು.

“ಉಪ್ಪು ಬರೋಬರಿ ಬಿದ್ದದ,” ಎಂದುಬಿಟ್ಟ.

“ಭೂಮಿತಾಯಿಗಿಂತ ಮೊದಲ ನೀವೇ ರುಚಿ ನೋಡಿದ್ರಿ?” ಎಂದು ಹಿಂದಿನಿಂದ ಉಮಾದೇವಿಯ ದನಿ ಬಂತು.

ದಾನಮ್ಮ ಹಣೆಯ ವಿಭೂತಿಯ ಮೇಲೆ ಅಂಟಿದ್ದ ಅವರೆಕಾಳನ್ನು ತೆಗೆದು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಚರಗ ಹೊಲದಾಗ ಚೆಲ್ಲೋದ್ರಿ, ಅಳಿಯನೋರ.”

“ಅತ್ತಿಯವರ, ತಪ್ಪಾತು. ಆದರ ಇಲ್ಲೀತನಕ ನಿಮಗ ನಿದ್ದಿ ಹತ್ತಿತ್ತಲ್ಲ? ಅಷ್ಟು ಆರಾಮ ಹೊಡದಿದ್ನಲ್ಲ?”

“ನಿದ್ದಿ ಎಲ್ಲೀದ್ರಿ,” ಎಂದರು ದಾನಮ್ಮ. ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದರು. ಮುಷ್ಟಿಯಲ್ಲಿ ಲಿಂಗದ ಕಾಯಿ ಭದ್ರವಾಗಿತ್ತು. “ಕಣ್ಣು ಮುಚ್ಚಿ ಶಿವಾ ಶಿವಾ ಅನ್ನಲಿಕತ್ತಿದ್ದೆ.”

ದೇವಿಂದ್ರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಶರಣಕುಮಾರ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ರೆಪ್ಪೆಯ ಮೇಲಿನ ಅಂಬಲಿ ಒರೆಸಿಕೊಂಡು, ಹಳದಿಯಾದ ತನ್ನ ಹೊಸ ಸೀಟುಗಳನ್ನು ನೋಡಿ, “ಇರ್ಲಿ ಬಿಡ್ರಿ ಅಣ್ಣಾರ, ತೊಳಿಸಿದ್ರ ಹೋಗ್ತದ,” ಎಂದ. ಸಿಟ್ಟಿಗೇಳದೇ ಇರುವ ಈ ಶಕ್ತಿಯ ಮೇಲೂ ದೇವಿಂದ್ರಪ್ಪನಿಗೆ ಅಲ್ಲೇ ಹೊಸದಾಗಿ ಹೊಟ್ಟೆಕಿಚ್ಚಾಯಿತು.

ಭಜ್ಜಿಯಿಲ್ಲದೆ ಹೊಲಕ್ಕೆ ಹೋದವರನ್ನು ಕಾಪಾಡಿದವರು ಪಕ್ಕದ ಹೊಲದ ಬೀರಲಿಂಗ ಮತ್ತು ಅವನ ಹೆಂಡತಿ ಪೀರಮ್ಮ. ಐವರು ಭಜ್ಜಿ ಬಳಿದುಕೊಂಡು ಬದುವಿನ ಮೇಲೆ ಸಾಲಾಗಿ ಬರುವುದನ್ನು ಕಂಡು ಪೀರಮ್ಮ ಮೊದಲು ಹೆದರಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ನಮ್ಮದಿನ್ನೂ ಯಾರೂ ಮುಟ್ಟಿಲ್ರಿ ಅಮ್ಮಾರ, ಇದರಾಗಿಂದ ಒಂದು ಬೋಗೋಣಿ ಒಯ್ದು ಚರಗ ಚೆಲ್ಲರಿ,” ಎಂದು ತುಂಬಿ ಕೊಟ್ಟಳು. “ಭೂಮಿತಾಯಿಗಿ ಯಾರ ಮನೀದಾದರೇನು,” ಎಂದರು ದಾನಮ್ಮ. ಚರಗ ಚೆಲ್ಲುವ ಬೋಗುಣಿಯನ್ನು, ಇದೇ ಮೊದಲ ಬಾರಿಗೆ, ಸಣ್ಣಳಿಯನ ಕೈಗೆ ಕೊಟ್ಟರು. ದೊಡ್ಡಳಿಯನಿಗೆ ನೀರಿನ ತಂಬಿಗೆ ಹಿಡಿದು ಹಿಂದೆ ನಡೆಯುವ ಕೆಲಸ ಸಿಕ್ಕಿತು. ಅವನು ಜೋಳದ ಸಾಲುಗಳ ನಡುವೆ ಷಡ್ಡಕನ ಬೆನ್ನು ನೋಡುತ್ತ ನಡೆದ. ಆ ದಿನ ಉಂಡ ಸಜ್ಜೆ ರೊಟ್ಟಿಗೂ ಶೇಂಗಾ ಹೋಳಿಗೆಗೂ ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ.

ಹೊತ್ತು ಇಳಿದಾಗ ಎಲ್ಲರೂ ಹೊರಟರು. ಬಾವಿಯ ನೀರಿನಿಂದ ಸೀಟುಗಳನ್ನು ಒರೆಸಿದ್ದಾಗಿತ್ತು. ಮನೆಯಲ್ಲಿ ನೆರೆಯವರಿಗೆ ಹಂಚಲು ಇರಲೆಂದು ಪೀರಮ್ಮ ಮಿಕ್ಕ ಭಜ್ಜಿಯನ್ನು ಒಂದು ಗಡಿಗೆಗೆ ತುಂಬಿ ಬಾಯಿ ಕಟ್ಟಿ ಕೊಟ್ಟಿದ್ದಳು. ದೇವಿಂದ್ರಪ್ಪ ಚಾವಿಯನ್ನು ಷಡ್ಡಕನ ಕಡೆಗೆ ಚಾಚಿದ. ನಡುವೆ ಇನ್ನೊಂದು ಕೈ ಬಂದು ಅದನ್ನು ತೆಗೆದುಕೊಂಡಿತು. ಬಳೆಗಳಿದ್ದ ಕೈ.

“ನೀ?” ಎಂದ ದೇವಿಂದ್ರಪ್ಪ.

“ನಾನೇ,” ಎಂದಳು ಉಮಾದೇವಿ. “ಸೇಡಂದಾಗ ಕಲಿಲಿಕತ್ತಿದ್ನಲ್ಲ, ಇದೇ ಕೆಲಸ. ಲೈಸನ್ಸೂ ಬಂದದ.”

“ನಾ ಕಲಿಸಿದಾಗ ಬರಲಿಲ್ಲ ನಿನಗ!”

“ನೀವು ಕಲಿಸಲಿಲ್ಲರೀ, ಒದರಿದ್ರಿ. ಈ ಗಾಡ್ಯಾಗ ಕ್ಲಚ್ಚೂ ಇಲ್ಲ, ಬಾಜೂಕ ಕುಂತು ಒದರವರೂ ಇಲ್ಲ. ಹಿಂದ ಕುಂದ್ರಿ, ಗಡಿಗಿ ಹಿಡ್ಕೊರಿ.”

ದೇವಿಂದ್ರಪ್ಪ ಹಿಂದೆ, ನಡುವಿನ ಸೀಟಿನಲ್ಲಿ, ಷಡ್ಡಕ ಮತ್ತು ನಾದಿನಿಯ ನಡುವೆ ಮೊಣಕಾಲು ಕೂಡಿಸಿಕೊಂಡು ಕೂತ. ತೊಡೆಯ ಮೇಲೆ ಗಡಿಗೆ. ಉಮಾದೇವಿ ಸೆರಗು ಸಿಕ್ಕಿಸಿಕೊಂಡು, ಕನ್ನಡಿ ಸರಿಮಾಡಿಕೊಂಡು, ಒಂದು ಕುಲುಕೂ ಇಲ್ಲದೆ ಗಾಡಿಯನ್ನು ಬದುವಿನಿಂದ ರಸ್ತೆಗೆ ಹತ್ತಿಸಿದಳು. ಇಷ್ಟು ದಿನ ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಮನೆಯ ದಾರಿ ಹಿಡಿದು ನೇರ ಹೆಂಡತಿಯ ಮೇಲೆ ಬಂದು ಕೂತಿತು. ಅವಳು ಚೆನ್ನಾಗಿ ಹೊಡೆಯುತ್ತಿದ್ದಳು. ಅದೇ ಅವನ ಸಂಕಟ. ಮುಂದಿನ ಸೀಟಿನಿಂದ ಸಣ್ಣಗೆ ಗೊರಕೆಯ ಸದ್ದು ಬಂತು. ದೇವಿಂದ್ರಪ್ಪ ಬಗ್ಗಿ ನೋಡಿದ. ಅತ್ತೆಯ ಎರಡೂ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು, ಮುಷ್ಟಿಯಲ್ಲಿ ಏನೂ ಇರಲಿಲ್ಲ. ಇದು ಖರೇ ನಿದ್ದೆ.

ಸೇತುವೆಯ ಹತ್ತಿರ ಎದುರಿಗೆ ಟ್ರ್ಯಾಕ್ಟರ್ ಬಂತು. ಉಮಾದೇವಿ ಮೆಲ್ಲಗೆ ನಿಧಾನ ಮಾಡಿದಳು. ಹಿಂದಿನ ಸೀಟಿನಲ್ಲಿ ದೇವಿಂದ್ರಪ್ಪನ ಎಡಗಾಲು ನೆಲವನ್ನು ಧಡಕ್ಕನೆ ತುಳಿಯಿತು. ಗಡಿಗೆ ಎಗರಿತು, ಶರಣಕುಮಾರ ಎರಡೂ ಕೈಯಿಂದ ಹಿಡಿದ. ಊರ ಹತ್ತಿರ ರಸ್ತೆಯುಬ್ಬು ಬಂತು, ಎಡಗಾಲು ಮತ್ತೆ ತುಳಿಯಿತು, ಗಡಿಗೆ ಮತ್ತೆ ಎಗರಿತು.

ಗೊರಕೆ ನಿಂತಿತು. ದಾನಮ್ಮ ಕಣ್ಣು ತೆರೆಯಲಿಲ್ಲ.

“ಸಣ್ಣಳಿಯನೋರ, ಆ ಗಡಿಗಿ ದೊಡ್ಡಳಿಯನೋರ ಎಡಗಡಿ ತೊಡಿ ಮ್ಯಾಲ ಇಡ್ರಿ,” ಎಂದರು. “ಪಾಪ, ಆ ಕಾಲಿಗೂ ಒಂದು ಕೆಲಸ ಬೇಕಲ್ಲ.”

ಮತ್ತೆ ಗೊರಕೆ ಶುರುವಾಯಿತು. ಶರಣಕುಮಾರ ಮೆತ್ತಗೆ ಗಡಿಗೆಯನ್ನು ಎಡತೊಡೆಗೆ ಸರಿಸಿದ. ದೇವಿಂದ್ರಪ್ಪ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕಾಲು ಅಲುಗಿಸದೆ, ಉಸಿರು ಬಿಗಿಹಿಡಿದು ಕೂತ. ಚಿತ್ತಾಪುರ ಮುಟ್ಟುವವರೆಗೆ ಒಂದು ಹನಿಯೂ ತುಳುಕಲಿಲ್ಲ. ಮನೆಯ ಮುಂದೆ ಹೂಮಾಲೆ ಹಾಕಿಕೊಂಡು ಅವನ ಗೇರಿನ ಗಾಡಿ ಇನ್ನೂ ಕಾಯುತ್ತಿತ್ತು. ದಾನಮ್ಮ ಇಳಿದು ಬಂದು ಗಡಿಗೆಯ ಬಟ್ಟೆ ಮುಟ್ಟಿ ನೋಡಿ, “ಒಣಗೇ ಅದ,” ಎಂದರು.